ಸೂಲಗಿತ್ತಿಗೆ ಹೆಸರಿದೆ, ಮುದುಕರನ್ನ ನೋಡ್ಕೊಳ್ಳೋಳಿಗೆ ಹೆಸರೇ ಇಲ್ಲ

(1/4)
ಈ ಸಲ ಕೋಟೆ ಇಲ್ಲ, ಶಾಸನ ಇಲ್ಲ, ರಾಜ ಇಲ್ಲ. ಒಂದು ಕೆಲಸದ ಇತಿಹಾಸ ಹೇಳ್ತೀನಿ. ನಾಲ್ಕು ಪೋಸ್ಟ್ ಇದೆ, ಸ್ವೈಪ್ ಮಾಡ್ಕೊಂಡು ಓಡ್ಬೇಡಿ.

2018ರ ಡಿಸೆಂಬರ್ 25ರಂದು ಸೂಲಗಿತ್ತಿ ನರಸಮ್ಮ ತೀರಿಕೊಂಡರು. ನಮ್ಮ ಜಿಲ್ಲೆಯವರೇ, ಪಾವಗಡ ತಾಲ್ಲೂಕಿನ ಕೃಷ್ಣಾಪುರ. ವಯಸ್ಸು 98. ಎಪ್ಪತ್ತು ವರ್ಷದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ, ಅದೂ ದುಡ್ಡು ತಗೊಳ್ಳದೆ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅವರು ಹೋಗಿ ನಾಲ್ಕೇ ವಾರಕ್ಕೆ, 2019ರ ಜನವರಿ 21ರಂದು, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. 111 ವರ್ಷ. ಆಗ ಹೈಸ್ಕೂಲ್‌ನಲ್ಲಿದ್ದ ನನ್ನ ಬ್ಯಾಚಿನವರಿಗೆ ಊರೆಲ್ಲ ಜನ ತುಂಬಿದ್ದ ಆ ದಿನ ಮರೆಯೋಕಾಗಲ್ಲ.

ಈಗ ಯೋಚನೆ ಮಾಡಿದ್ರೆ ಒಂದು ಪ್ರಶ್ನೆ ಬರುತ್ತೆ. ಅಷ್ಟು ವಯಸ್ಸಾದವರಿಗೆ ಸ್ನಾನ ಮಾಡಿಸೋದು, ಮಗ್ಗುಲು ಬದಲಿಸೋದು, ರಾತ್ರಿ ಎದ್ದು ನೀರು ಕುಡಿಸೋದು ಯಾರು? ಸ್ವಾಮೀಜಿಯವರ ಸುತ್ತ ಶಿಷ್ಯರು, ವೈದ್ಯರು ಇದ್ರು. ಎಲ್ಲರಿಗೂ ಮಠ ಇರಲ್ವಲ್ಲ.

ಹೆರಿಗೆ ಮಾಡಿಸೋಳಿಗೆ ಕನ್ನಡದಲ್ಲಿ ಸೂಲಗಿತ್ತಿ ಅನ್ನೋ ಚೆಂದದ ಪದ ಇದೆ. ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋಳಿಗೆ? ಹುಡುಕಿದೆ. ಸಿಕ್ಕಿದ್ದು ಒಂದೇ ಪದ: ಸೊಸೆ.

(2/4)
ಮೊದಲು ಹೆರಿಗೆ ಕಡೆಯ ಕಥೆ, ಯಾಕಂದ್ರೆ ಅಲ್ಲಿ ಏನೋ ಒಂದು ನಡೆದಿದೆ.

1946ರ ಭೋರ್ ಸಮಿತಿ ವರದಿ ಪ್ರಕಾರ ದೇಶದಲ್ಲಿ 43,000 ಜನಕ್ಕೆ ಒಬ್ಬ ನರ್ಸ್. ಅಂದ್ರೆ ಹಳ್ಳಿಗೆ ಬರೋರು ಯಾರೂ ಇರ್ಲಿಲ್ಲ, ನರಸಮ್ಮನಂಥವರೇ ಗತಿ. 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಆಮೇಲೆ ಎಎನ್ಎಂ, ನಮ್ಮ ಅಜ್ಜಿಯರ ಬಾಯಲ್ಲಿ 'ನರ್ಸಮ್ಮ'. 1975ರ ಅಕ್ಟೋಬರ್ 2ಕ್ಕೆ ಅಂಗನವಾಡಿ ಯೋಜನೆ ಶುರು, ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ. 2005ರಲ್ಲಿ ಆಶಾ, ಸಾವಿರ ಜನಕ್ಕೆ ಒಬ್ಬರು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೊತ್ತಿಗೆ ರಾಜ್ಯದ 97% ಹೆರಿಗೆ ಆಸ್ಪತ್ರೆಯಲ್ಲೇ.

ಅಂದ್ರೆ ಮನೆಯೊಳಗಿನ ಹೆಂಗಸರ ಕೆಲಸ ಅನ್ಕೊಂಡಿದ್ದನ್ನ ಸರ್ಕಾರ ಹೊರಗೆ ತಂದು, ಹೆಸರು ಕೊಟ್ಟು, ಟ್ರೇನಿಂಗ್ ಕೊಟ್ಟು, ರಿಜಿಸ್ಟರ್ ಕೊಟ್ಟು, ಸೀರೆ ಬಣ್ಣ ಕೂಡ ಫಿಕ್ಸ್ ಮಾಡ್ತು. ದುಡ್ಡಿನ ವಿಷಯ ಬಿಡಿ, ಅದು ಬೇರೆ ಕಥೆ. ಆಶಾ ಅಕ್ಕಂದಿರು ಇವತ್ತಿಗೂ ಸರ್ಕಾರದ ಲೆಕ್ಕದಲ್ಲಿ ಸ್ವಯಂಸೇವಕಿಯರು, ಅವರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಅದನ್ನ ಹೆಚ್ಚಿಸಿಕೊಳ್ಳೋಕೆ 2025ರ ಜನವರಿ ಚಳೀಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಹಗಲು ಕೂತಿದ್ರು. ಆದ್ರೂ ಕೂಗೋಕೆ ಒಂದು ಹೆಸರಾದ್ರೂ ಇತ್ತು.

(3/4)
ಕೊನೇಗಾಲಕ್ಕೆ ಯಾಕೆ ಇದೆಲ್ಲ ಆಗ್ಲಿಲ್ಲ?

ಒಂದು ಕಾರಣ ಸಿಂಪಲ್: ಮುದುಕರೇ ಕಮ್ಮಿ ಇದ್ರು. ಸ್ವಾತಂತ್ರ್ಯ ಬಂದಾಗ ಸರಾಸರಿ ಆಯಸ್ಸು 32ರ ಆಸುಪಾಸು. ಈಗ 70ರ ಹತ್ರ. ಇನ್ನೊಂದು, ಮನೆ ತುಂಬ ಮಕ್ಕಳಿದ್ರು. ನರಸಮ್ಮನವರಿಗೇ ಹನ್ನೆರಡು ಮಕ್ಕಳು. 1930ರಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋಕೆ ಆದೇಶ ಮಾಡಿದ್ದು ನಮ್ಮ ಮೈಸೂರು ಸರ್ಕಾರ, ಜಗತ್ತಿನಲ್ಲೇ ಬೇಗ ಎಚ್ಚೆತ್ತವರಲ್ಲಿ ನಾವೂ ಇದ್ದೀವಿ. ಈಗ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಒಳ್ಳೇದೇ. ಆದ್ರೆ ಹನ್ನೆರಡು ಜನ ಪಾಳಿ ಹಾಕ್ಕೊಂಡು ಮಾಡ್ತಿದ್ದ ಕೆಲಸವನ್ನ 1.7 ಜನ ಹೆಂಗೆ ಮಾಡ್ತಾರೆ ಅಂತ ಯಾರೂ ಲೆಕ್ಕ ಹಾಕ್ಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ 60 ದಾಟಿದವರು ಸುಮಾರು 9.5%. 2036ಕ್ಕೆ ಸುಮಾರು ಆರರಲ್ಲಿ ಒಬ್ಬರು ಅಂತ ಅಂದಾಜು. ಆ ಹೊತ್ತಿಗೆ ನಮ್ಮ ಅಪ್ಪ ಅಮ್ಮಂದಿರು ಆ ಲೆಕ್ಕದೊಳಗೆ ಬಂದಿರ್ತಾರೆ.

ಕಾಗದ ಬೇಕಾದಷ್ಟಿದೆ. 1999ರಲ್ಲಿ ಹಿರಿಯರ ರಾಷ್ಟ್ರೀಯ ನೀತಿ. 2000ದಲ್ಲಿ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ಹಿರಿಯರ ಆರೈಕೆ ಕೋರ್ಸ್ ಶುರು ಮಾಡ್ತು. 2007ರ ಪೋಷಕರ ಪಾಲನೆ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಜಿಲ್ಲೆಗೊಂದಾದ್ರೂ 150 ಜನರ ವೃದ್ಧಾಶ್ರಮದ ಮಾತಿದೆ, ಆದ್ರೆ ಕಾನೂನಿನ ಭಾಷೆಯಲ್ಲಿ ಅದು 'ಮಾಡಬೇಕು' ಅಲ್ಲ, 'ಮಾಡಬಹುದು'. ಅದೇ ಕಾಯ್ದೆ ಮಕ್ಕಳ ವಿಷಯಕ್ಕೆ ಬಂದ್ರೆ ಖಡಕ್: ನೋಡ್ಕೊಳ್ಳದಿದ್ರೆ ಎಸಿ ಆಫೀಸಲ್ಲಿ ಕೇಸ್, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ. 2010ರಲ್ಲಿ ಹಿರಿಯರ ಆರೋಗ್ಯ ಕಾರ್ಯಕ್ರಮ ಬಂತು, ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಾಸಿಗೆ. ಹತ್ತು!

ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ, ದಿನಕ್ಕೆ 40. ಆ ದುಡ್ಡಲ್ಲಿ ಯಾರನ್ನ ಕೆಲಸಕ್ಕೆ ಇಟ್ಕೊಳ್ಳೋದು? ಎಲ್ಲ ಯೋಜನೆಗಳೂ ಕೊನೆಗೆ ಬಂದು ನಿಲ್ಲೋದು ಮನೆಯ ಹೆಂಗಸಿನ ಹತ್ರಾನೇ. 2019ರ ಸಮಯ ಬಳಕೆ ಸಮೀಕ್ಷೆ ನೋಡಿ: ಸಂಬಳ ಇಲ್ಲದ ಮನೆಕೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97.

(4/4)
ಈಗ ನಮ್ಮ ಕಡೆ. ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಕುದುರೆ ಫಾರಂ ಇದೆ. ಕುದುರೆಗೆ ಮೈ ಉಜ್ಜೋದು, ಕಾಲು ನೋಡೋದು, ಮರಿ ಹಾಕೋವಾಗ ರಾತ್ರಿ ಕಾಯೋದು ಅಲ್ಲಿ ಕಲಿತು ಮಾಡೋ, ಕೂಲಿ ಸಿಗೋ ಕೆಲಸ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ಕ್ಕೆ ಎಚ್ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಉದ್ಘಾಟನೆ ಆಯ್ತು. 2017ರಿಂದ ಕುಣಿಗಲ್ ಮೇಲೆ ಹಾಸನಕ್ಕೆ ರೈಲು, ತುಮಕೂರಿಂದ ಬೆಂಗಳೂರು 70 ಕಿಲೋಮೀಟರ್, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಹುಡುಗರು ಹೋಗ್ತಾರೆ, ಹುಡುಗೀರೂ ಹೋಗ್ತಾರೆ, ನಾಳೆ ನಾನೂ ಹೋಗ್ತೀನಿ. ಮನೇಲಿ ಹಗಲು ಯಾರಿರ್ತಾರೆ?

ಗುಬ್ಬಿ ಹತ್ರದ ನಮ್ಮೂರಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ಬೆಂಗಳೂರಿನ ಒಂದು ಏಜೆನ್ಸಿಯಿಂದ (ಹೆಸರು ಬೇಡ) ರಾಯಚೂರು ಕಡೆಯ ಒಬ್ಬ ಅಕ್ಕ ಬಂದ್ರು. ನಾವು ಕೊಟ್ಟ ದುಡ್ಡಿನಲ್ಲಿ ಮೂರರಲ್ಲಿ ಒಂದು ಪಾಲು ಏಜೆನ್ಸಿಗೇ ಹೋಗ್ತಿತ್ತು. ಟ್ರೇನಿಂಗ್ ಎಷ್ಟು ದಿನ ಕೊಟ್ರು ಅಂದ್ರೆ, ಎರಡು ದಿನ ಅಂದ್ರು. ಬೆನ್ನು ಹುಣ್ಣಾಗದಂಗೆ ಮಗ್ಗುಲು ಬದಲಿಸೋದನ್ನ ಅವರೂ ನಮ್ಮಮ್ಮನೂ ಯೂಟ್ಯೂಬ್ ನೋಡಿ ಒಟ್ಟಿಗೆ ಕಲಿತ್ರು. ನಲವತ್ತನೇ ದಿನ ಅವರಿಗೆ ಊರಿಂದ ಫೋನ್ ಬಂತು. ಅವರ ಅತ್ತೆಗೆ ಲಕ್ವ ಹೊಡೆದಿತ್ತು. ಹೊರಟುಬಿಟ್ರು. ಅಮ್ಮ ಗಾರ್ಮೆಂಟ್ಸ್ ಕೆಲಸ ಬಿಟ್ರು. ಬಿಕಾಂನಲ್ಲಿ ಸವಕಳಿ, ಸದ್ಭಾವನೆ ಎಲ್ಲಕ್ಕೂ ಎಂಟ್ರಿ ಹಾಕೋದು ಕಲಿಸ್ತಾರೆ, ಅಮ್ಮನ ಆ ಸಂಬಳವನ್ನ ಯಾವ ಲೆಡ್ಜರ್‌ನಲ್ಲಿ ಬರೀಬೇಕೋ ಗೊತ್ತಿಲ್ಲ.

ಹಂಗಂತ ನಮ್ಮವರಿಗೆ ಈ ಕೆಲಸ ಬರಲ್ಲ ಅಂತಲ್ಲ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದಾಗ ಇಸ್ರೇಲ್‌ನಲ್ಲಿ ಸುಮಾರು 18,000 ಭಾರತೀಯರಿದ್ರು, ಅವರಲ್ಲಿ ಸುಮಾರು 14,000 ಜನ ಅಲ್ಲಿನ ವೃದ್ಧರನ್ನ ನೋಡ್ಕೊಳ್ಳೋರು, ಮಂಗಳೂರು ಉಡುಪಿ ಕಡೆಯವರೂ ತುಂಬ ಜನ. ಜಪಾನ್ 2000ದ ಏಪ್ರಿಲ್‌ನಿಂದ ಆರೈಕೆ ವಿಮೆ ಇಟ್ಟಿದೆ, 40 ದಾಟಿದ ಪ್ರತಿಯೊಬ್ಬರೂ ಕಂತು ಕಟ್ಟಬೇಕು. ಆ ದುಡ್ಡಿಂದ ಕೆಲಸದವರಿಗೆ ಸಂಬಳ. ಅಷ್ಟಾದ್ರೂ ಜನ ಸಾಲ್ತಿಲ್ಲ ಅಂತ 2021ರ ಜನವರಿಯಲ್ಲಿ ನಮ್ಮ ದೇಶದ ಜೊತೆ ಒಪ್ಪಂದ ಮಾಡ್ಕೊಂಡು ಇಲ್ಲಿಂದ ಕರೀತಿದ್ದಾರೆ. ಅಲ್ಲಿ ಇದಕ್ಕೆ ಪರೀಕ್ಷೆ ಇದೆ, ವೀಸಾ ಇದೆ, ಹುದ್ದೆಗೊಂದು ಹೆಸರಿದೆ. ಇಲ್ಲಿ ಅದೇ ಕೆಲಸ ಮಾಡಿದ ರಾಯಚೂರಿನ ಅಕ್ಕನನ್ನ ನಮ್ಮಜ್ಜಿ ನಲವತ್ತು ದಿನವೂ ಕರೆದಿದ್ದು 'ಏ ಬಂದೋಳೇ' ಅಂತ.

ನಿಮ್ಮನೇಲಿ ಏನಂತ ಕರೀತೀರಾ? ಕಾಮೆಂಟ್‌ನಲ್ಲಿ ಹಾಕಿ, ಪದ ಕೂಡಿಸ್ತಿದ್ದೀನಿ.

#ತುಮಕೂರು #ಗುಬ್ಬಿ #ಕುಣಿಗಲ್ #ನಮ್ಮೂರಇತಿಹಾಸ