ಶಾಸನದ ಬಂಡೆ, ಕಾಲುವೆಯ ಕಲ್ಲು

ಇಪ್ಪತ್ತನೆಯ ಶತಮಾನದ ನಡುಗಾಲದ ಹೊಸ ವಾಸ್ತುಶಿಲ್ಪವೆಂದೊಡನೆ ಚಂಡೀಗಢ ನೆನಪಾಗುವುದು ಸಹಜ. ಆದರೆ ಅದನ್ನರಸಿ ನಾಲ್ವರು ಗೆಳೆಯರು ಕೂಡಿ ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಹೊರಟರೂ ನಿರಾಶರಾಗಬೇಕಿಲ್ಲ. ಇಲ್ಲಿ ಅದು ಸೌಧವಾಗಿ ಎದ್ದು ನಿಂತಿಲ್ಲ. ಕಾಲುವೆಯಾಗಿ ನೆಲದ ಮೇಲೆ ಮಲಗಿದೆ.

1945ರಲ್ಲಿ ಅಡಿಗಲ್ಲು ಕಂಡ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. ಹೊಸ ಯುಗದ ಈ ಕಟ್ಟಡದ ಮೈ ಮಾತ್ರ ಹಳೆಯ ಬಗೆಯದು. ಅದರ ಕಲ್ಲುಗಳನ್ನು ಬೆಸೆದದ್ದು ಸುಟ್ಟ ಮಣ್ಣಿನ ಪುಡಿಯಾದ ಸುರ್ಕಿ ಬೆರೆತ ಗಾರೆ. ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ ಸಿಂಧನೂರಿನ ಜೋಳದ ಎರೆನೆಲಕ್ಕೆ ಭತ್ತವನ್ನು ತಂದಿತು. ಆಂಧ್ರದಿಂದ ಬಂದ ಒಕ್ಕಲುಗಳ ‘ಕ್ಯಾಂಪು’ಗಳನ್ನೂ ತಂದಿತು.

ನೀರು ಬಂದ ಮರುವರ್ಷವೇ, 1954ರಲ್ಲಿ, ಬಿ. ಕೆ. ಥಾಪರ್ ಮಸ್ಕಿಯ ನೆಲವನ್ನು ಅಗೆಸಿ ನೋಡಿದರು. ಚಿನ್ನವನ್ನು ಹುಡುಕುತ್ತಿದ್ದ ಎಂಜಿನಿಯರ್ ಬೀಡನ್ 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಕಂಡುಹಿಡಿದದ್ದೂ ಇಲ್ಲಿಯೇ.

ಆ ಬಂಡೆ ಯಾರ ಆರೈಕೆಯನ್ನೂ ಬೇಡದೆ ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಬಾಳಿತು. ಕಾಲುವೆಯ ಬಾಳು ಹಾಗಲ್ಲ. 2024ರ ಆಗಸ್ಟಿನಲ್ಲಿ ಸರಪಳಿ ಕಡಿದು ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ, ದೂರದ ಗದ್ದೆಗಳ ರೈತನ ಎದೆಯೂ ನಡುಗಿತು. ಅರಸನ ಮಾತನ್ನು ಕಲ್ಲು ಕಾಯಬಲ್ಲುದು. ನೀರನ್ನು ಮನುಷ್ಯರೇ ಕಾಯಬೇಕು. ಎಣ್ಣೆ ಹಾಕುವ, ಹೂಳು ತೆಗೆಯುವ ಕೈಗಳಿರುವವರೆಗೆ ಮಾತ್ರ ಈ ವಾಸ್ತುಶಿಲ್ಪಕ್ಕೆ ಆಯುಸ್ಸು.