ಕರ್ನಾಟಕದಲ್ಲಿ ಆರೋಗ್ಯ ವೃತ್ತಿಗಳ ನೋಂದಣಿ ಮತ್ತು ನಿಯಂತ್ರಣ

ಕರ್ನಾಟಕದಲ್ಲಿ ಆರೋಗ್ಯ ವೃತ್ತಿಗಳ ನೋಂದಣಿ ಮತ್ತು ನಿಯಂತ್ರಣವು ಎರಡು ಪ್ರತ್ಯೇಕ ವ್ಯವಸ್ಥೆಗಳ ಮೂಲಕ ನಡೆಯುತ್ತದೆ. ವೈದ್ಯರು, ದಾದಿಯರು, ಔಷಧ ವಿತರಕರು ಮೊದಲಾದ ವ್ಯಕ್ತಿಗಳ ಅರ್ಹತೆಯನ್ನು ಪರಿಶೀಲಿಸಿ ಅವರ ಹೆಸರನ್ನು ನೋಂದಣಿ ಪುಸ್ತಕದಲ್ಲಿ ದಾಖಲಿಸುವುದು ಆಯಾ ವೃತ್ತಿಯ ರಾಜ್ಯ ಪರಿಷತ್ತಿನ ಕೆಲಸ. ಅವರು ವೃತ್ತಿ ನಡೆಸುವ ಖಾಸಗಿ ಚಿಕಿತ್ಸಾಲಯ, ಆಸ್ಪತ್ರೆ ಹಾಗೂ ಪ್ರಯೋಗಾಲಯಗಳಿಗೆ ಪರವಾನಗಿ ನೀಡುವುದು ಜಿಲ್ಲಾ ಮಟ್ಟದ ಪ್ರಾಧಿಕಾರದ ಕೆಲಸ. ಈ ಎರಡು ವ್ಯವಸ್ಥೆಗಳ ಅಧಿಕಾರವ್ಯಾಪ್ತಿ ಬೇರೆ ಬೇರೆಯಾಗಿರುವುದರಿಂದ, ಯಾವ ದೂರನ್ನು ಎಲ್ಲಿ ಸಲ್ಲಿಸಬೇಕೆಂಬ ತಿಳಿವಳಿಕೆ ರೋಗಿಗಳಿಗೆ ಅಗತ್ಯವಾಗಿದೆ.

ಹಿನ್ನೆಲೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದ ಕನ್ನಡ ಪ್ರದೇಶಗಳು ಒಂದುಗೂಡಿದವು. ಹಳೆಯ ಮೈಸೂರು ಸಂಸ್ಥಾನದಲ್ಲಿ 1931ರ ವೈದ್ಯಕೀಯ ನೋಂದಣಿ ಕಾಯಿದೆಯಿತ್ತು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದುದರಿಂದ ಅಲ್ಲಿನ ಕಾನೂನುಗಳಿಗೆ ಒಳಪಟ್ಟಿತ್ತು. ಇಡೀ ರಾಜ್ಯಕ್ಕೆ ಏಕರೂಪದ ವ್ಯವಸ್ಥೆಯನ್ನು ತರಲು 1961ರಲ್ಲಿ ವೈದ್ಯಕೀಯ ನೋಂದಣಿ ಅಧಿನಿಯಮವನ್ನು ರಚಿಸಲಾಯಿತು. ಇಂದಿನ ಕರ್ನಾಟಕ ವೈದ್ಯಕೀಯ ಪರಿಷತ್ತು ಈ ಅಧಿನಿಯಮದಡಿ ಕಾರ್ಯನಿರ್ವಹಿಸುತ್ತದೆ. ಆಯುರ್ವೇದ ಮತ್ತು ಯುನಾನಿ ಮೊದಲಾದ ಪದ್ಧತಿಗಳಿಗೂ ಹೋಮಿಯೋಪತಿಗೂ ಅದೇ ಅವಧಿಯಲ್ಲಿ ಪ್ರತ್ಯೇಕ ಕಾನೂನುಗಳು ಬಂದವು.

ನೋಂದಣಿ ಸಂಸ್ಥೆಗಳು

ಪ್ರತಿಯೊಂದು ವೃತ್ತಿಗೂ ತನ್ನದೇ ಆದ ನೋಂದಣಿ ಸಂಸ್ಥೆಯಿದೆ.

* ಆಧುನಿಕ ವೈದ್ಯಪದ್ಧತಿ (ಅಲೋಪತಿ): ಕರ್ನಾಟಕ ವೈದ್ಯಕೀಯ ಪರಿಷತ್ತು. ಇದರ ಕಚೇರಿ ಬೆಂಗಳೂರಿನಲ್ಲಿದೆ.
* ಆಯುರ್ವೇದ, ಯುನಾನಿ ಮತ್ತು ಸಂಬಂಧಿತ ಪದ್ಧತಿಗಳು: ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿ.
* ಹೋಮಿಯೋಪತಿ: ಕರ್ನಾಟಕ ಹೋಮಿಯೋಪತಿ ಮಂಡಳಿ.
* ದಂತವೈದ್ಯ: ಕರ್ನಾಟಕ ರಾಜ್ಯ ದಂತವೈದ್ಯ ಪರಿಷತ್ತು. ಇದು ಕೇಂದ್ರದ 1948ರ ದಂತವೈದ್ಯರ ಕಾಯಿದೆಯಡಿ ರೂಪುಗೊಂಡಿತು.
* ಔಷಧ ವಿತರಣೆ: ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು. ಇದು ಕೇಂದ್ರದ 1948ರ ಫಾರ್ಮಸಿ ಕಾಯಿದೆಯಡಿ ಬರುತ್ತದೆ.
* ಶುಶ್ರೂಷೆ ಮತ್ತು ಪ್ರಸೂತಿ ಸೇವೆ: ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು.

ಪ್ರಯೋಗಾಲಯ ತಂತ್ರಜ್ಞರು, ಭೌತಚಿಕಿತ್ಸಕರು ಮುಂತಾದವರನ್ನು ನೋಂದಣಿಯ ವ್ಯಾಪ್ತಿಗೆ ತರಲು ಸಂಸತ್ತು 2021ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಅಂಗೀಕರಿಸಿತು. ರಾಜ್ಯಗಳಲ್ಲಿ ಈ ವೃತ್ತಿಗಳಿಗಾಗಿ ಪರಿಷತ್ತುಗಳನ್ನು ರಚಿಸಲು ಅದು ಅವಕಾಶ ಕಲ್ಪಿಸುತ್ತದೆ.

ವೈದ್ಯರ ನೋಂದಣಿ

ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಮೊದಲು ತಾತ್ಕಾಲಿಕ ನೋಂದಣಿ ಪಡೆದು ಒಂದು ವರ್ಷದ ಕಡ್ಡಾಯ ತರಬೇತಿಯನ್ನು ಪೂರೈಸಬೇಕು. ಪದವಿ ಪಡೆದ ಮಾತ್ರಕ್ಕೆ ವೈದ್ಯವೃತ್ತಿ ನಡೆಸುವ ಹಕ್ಕು ದೊರೆಯುವುದಿಲ್ಲ. ಪರಿಷತ್ತಿನ ಪುಸ್ತಕದಲ್ಲಿ ಹೆಸರು ದಾಖಲಾದ ನಂತರವೇ ಆ ಹಕ್ಕು ಲಭಿಸುತ್ತದೆ. ಕರ್ನಾಟಕದಲ್ಲಿ ಈ ನೋಂದಣಿಯನ್ನು ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಅದಕ್ಕಾಗಿ ವೈದ್ಯರು ಮುಂದುವರಿದ ವೈದ್ಯಕೀಯ ಶಿಕ್ಷಣ ಕಾರ್ಯಕ್ರಮಗಳಲ್ಲಿ ಭಾಗವಹಿಸಿರಬೇಕು.

ರಾಷ್ಟ್ರಮಟ್ಟದಲ್ಲಿ 1956ರ ಭಾರತೀಯ ವೈದ್ಯಕೀಯ ಪರಿಷತ್ತು ಕಾಯಿದೆಯ ಸ್ಥಾನದಲ್ಲಿ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆ ಬಂದಿದ್ದು, ಆಯೋಗವು 2020ರ ಸೆಪ್ಟೆಂಬರ್ 25ರಿಂದ ಕಾರ್ಯಾರಂಭ ಮಾಡಿತು. ನೋಂದಣಿ ಮಾಡುವ ಹಾಗೂ ದೂರುಗಳನ್ನು ವಿಚಾರಿಸುವ ಮೊದಲ ಹಂತದ ಅಧಿಕಾರ ಈಗಲೂ ರಾಜ್ಯ ಪರಿಷತ್ತಿನಲ್ಲೇ ಉಳಿದಿದೆ.

ಶಿಸ್ತುಕ್ರಮ

ನೋಂದಾಯಿತ ವೈದ್ಯರ ವೃತ್ತಿನಡತೆಯನ್ನು 2002ರ ನಿಯಮಾವಳಿ ನಿರ್ದೇಶಿಸುತ್ತದೆ. ಇದರ ಬದಲಿಗೆ 2023ರ ಆಗಸ್ಟ್‌ನಲ್ಲಿ ಹೊರಡಿಸಲಾದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿಯಲಾಯಿತು. 2002ರ ನಿಯಮಾವಳಿಯ ಪ್ರಕಾರ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ಪ್ರದರ್ಶಿಸಬೇಕು; ಔಷಧ ಚೀಟಿ, ಪ್ರಮಾಣಪತ್ರ ಹಾಗೂ ಹಣದ ರಸೀದಿಗಳಲ್ಲಿಯೂ ನಮೂದಿಸಬೇಕು. ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿ ಕೇಳಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕು.

ದೂರು ಬಂದಾಗ ಪರಿಷತ್ತು ವೈದ್ಯರಿಗೆ ನೋಟಿಸು ನೀಡಿ, ಅವರ ಅಹವಾಲನ್ನು ಆಲಿಸಿ ನಿರ್ಣಯ ಕೈಗೊಳ್ಳುತ್ತದೆ. ತಪ್ಪು ಸಾಬೀತಾದರೆ ಎಚ್ಚರಿಕೆ ನೀಡಬಹುದು, ನಿಗದಿತ ಅವಧಿಗೆ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆಯಬಹುದು, ಅಥವಾ ಶಾಶ್ವತವಾಗಿ ತೆಗೆದುಹಾಕಬಹುದು. ನಿರ್ಣಯದಿಂದ ಬಾಧಿತರಾದ ವೈದ್ಯರು ರಾಷ್ಟ್ರೀಯ ಆಯೋಗದ ನೀತಿ ಮತ್ತು ವೈದ್ಯಕೀಯ ನೋಂದಣಿ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ಪರಿಷತ್ತಿನ ಅಧಿಕಾರಕ್ಕೆ ಎರಡು ಮುಖ್ಯ ಮಿತಿಗಳಿವೆ. ರೋಗಿಗೆ ಹಣದ ರೂಪದಲ್ಲಿ ಪರಿಹಾರ ಕೊಡಿಸಲು ಅದಕ್ಕೆ ಅವಕಾಶವಿಲ್ಲ. ಜೊತೆಗೆ, ಅದರ ಶಿಸ್ತುಕ್ರಮ ನೋಂದಾಯಿತರಿಗೆ ಮಾತ್ರ ಅನ್ವಯಿಸುತ್ತದೆ: ಪುಸ್ತಕದಲ್ಲಿ ಇಲ್ಲದ ಹೆಸರನ್ನು ತೆಗೆದುಹಾಕುವುದು ಸಾಧ್ಯವಿಲ್ಲ. ಹೀಗಾಗಿ ನಕಲಿ ವೈದ್ಯರ ನಿಯಂತ್ರಣವು ಆರೋಗ್ಯ ಇಲಾಖೆ, ಪೊಲೀಸರು ಮತ್ತು ನ್ಯಾಯಾಲಯಗಳನ್ನು ಅವಲಂಬಿಸಿದೆ.

ಖಾಸಗಿ ಸಂಸ್ಥೆಗಳ ಪರವಾನಗಿ

ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕೆ ಮೊದಲು 1976ರ ಖಾಸಗಿ ಶುಶ್ರೂಷಾಲಯಗಳ ಕಾಯಿದೆಯಿತ್ತು. ಅದರ ಸ್ಥಾನದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 (ಕೆ.ಪಿ.ಎಂ.ಇ. ಕಾಯಿದೆ) ಜಾರಿಗೆ ಬಂದಿತು. ಹಾಸಿಗೆಗಳಿರುವ ಆಸ್ಪತ್ರೆಗಳಲ್ಲದೆ ಒಬ್ಬರೇ ವೈದ್ಯರಿರುವ ಚಿಕಿತ್ಸಾಲಯ, ರಕ್ತಪರೀಕ್ಷೆಯ ಪ್ರಯೋಗಾಲಯ, ಸ್ಕ್ಯಾನಿಂಗ್ ಕೇಂದ್ರ, ಭೌತಚಿಕಿತ್ಸಾ ಕೇಂದ್ರಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಗರ್ಭಿಣಿಯರ ಸ್ಕ್ಯಾನಿಂಗ್ ನಡೆಸುವ ಕೇಂದ್ರಗಳು ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕೇಂದ್ರ ಕಾಯಿದೆಯಡಿ ಪ್ರತ್ಯೇಕ ನೋಂದಣಿಯನ್ನೂ ಪಡೆಯಬೇಕು.

ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು ಸದಸ್ಯ ಕಾರ್ಯದರ್ಶಿಗಳು. ಪರವಾನಗಿ ಐದು ವರ್ಷಗಳ ಅವಧಿಯದ್ದು. ಸಂಸ್ಥೆಯು ತನ್ನ ಶುಲ್ಕಗಳ ವಿವರವನ್ನು ರೋಗಿಗಳಿಗೆ ತಿಳಿಯುವಂತೆ ಪ್ರಕಟಿಸಬೇಕು. ತುರ್ತು ಸಂದರ್ಭದಲ್ಲಿ ಬಂದವರಿಗೆ ಪ್ರಥಮ ಚಿಕಿತ್ಸೆ ನೀಡಲೇಬೇಕು. 2017ರಲ್ಲಿ ಅಂಗೀಕಾರವಾದ ತಿದ್ದುಪಡಿಯು ಕುಂದುಕೊರತೆ ನಿವಾರಣೆಯ ಹೊಣೆಯನ್ನೂ ಈ ಪ್ರಾಧಿಕಾರಕ್ಕೆ ವಹಿಸಿತು ಹಾಗೂ ರೋಗಿಗಳ ಹಕ್ಕುಗಳ ಸನ್ನದನ್ನು ಸೇರಿಸಿತು. ಈ ತಿದ್ದುಪಡಿಯ ಮೊದಲ ಕರಡನ್ನು ವಿರೋಧಿಸಿ ಖಾಸಗಿ ವೈದ್ಯರು ಅದೇ ವರ್ಷದ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಮುಷ್ಕರ ನಡೆಸಿದ್ದರು.

ನಕಲಿ ವೈದ್ಯರು ಮತ್ತು ಕಾನೂನು

ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯಿದೆಯ 34ನೇ ಪ್ರಕರಣದಂತೆ, ನೋಂದಣಿಯಿಲ್ಲದೆ ಆಧುನಿಕ ವೈದ್ಯವೃತ್ತಿ ನಡೆಸುವವರಿಗೆ ಒಂದು ವರ್ಷದವರೆಗಿನ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಂದು ಪದ್ಧತಿಯಲ್ಲಿ ಅರ್ಹತೆ ಪಡೆದವರು ತಾವು ಕಲಿಯದ ಮತ್ತೊಂದು ಪದ್ಧತಿಯಲ್ಲಿ ಚಿಕಿತ್ಸೆ ನೀಡಿದರೆ ಅವರೂ ಆ ಮಟ್ಟಿಗೆ ನಕಲಿ ವೈದ್ಯರೇ ಎಂದು ಸರ್ವೋಚ್ಚ ನ್ಯಾಯಾಲಯವು ಪೂನಂ ವರ್ಮಾ ಪ್ರಕರಣದಲ್ಲಿ (1996) ಅಭಿಪ್ರಾಯಪಟ್ಟಿತು. ಭಾರತೀಯ ಪದ್ಧತಿಗಳ ವೈದ್ಯರು ಅಲೋಪತಿ ಔಷಧಗಳನ್ನು ಬರೆದುಕೊಡುವುದಕ್ಕೆ ಆಯಾ ರಾಜ್ಯದ ಕಾನೂನಿನ ಸಮ್ಮತಿ ಇರಬೇಕೆಂದು ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ (1998) ಸ್ಪಷ್ಟಪಡಿಸಿತು.

'ಆರ್.ಎಂ.ಪಿ.' ಎಂಬ ಪದದ ಬಳಕೆ ಗಮನಾರ್ಹವಾಗಿದೆ. ಇದರ ಮೂಲ ಅರ್ಥ 'ನೋಂದಾಯಿತ ವೈದ್ಯ' ಎಂದು. ಆದರೆ ಕಲ್ಯಾಣ ಕರ್ನಾಟಕದ ಹಳ್ಳಿಗಳ ಆಡುಮಾತಿನಲ್ಲಿ, ಪದವಿಯಾಗಲಿ ನೋಂದಣಿಯಾಗಲಿ ಇಲ್ಲದೆ ಸೂಜಿಮದ್ದು ಕೊಡುವವರನ್ನೂ 'ಆರ್.ಎಂ.ಪಿ. ಡಾಕ್ಟರು' ಎಂದೇ ಕರೆಯುವ ರೂಢಿಯಿದೆ. ಆದುದರಿಂದ ಫಲಕದ ಮೇಲಿನ ಈ ಮೂರು ಅಕ್ಷರಗಳು ನೋಂದಣಿಗೆ ಪುರಾವೆಯಲ್ಲ; ಪರಿಶೀಲಿಸಬೇಕಾದುದು ನೋಂದಣಿ ಸಂಖ್ಯೆಯನ್ನು.

ಕೊಪ್ಪಳ ಜಿಲ್ಲೆಯಲ್ಲಿ

ಕೊಪ್ಪಳವು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಆದಕಾರಣ ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಖಾಸಗಿ ಚಿಕಿತ್ಸಾಲಯಗಳಿಗೆ ಪರವಾನಗಿ ನೀಡುವ ಪ್ರಾಧಿಕಾರ ಕೊಪ್ಪಳದಲ್ಲಿದೆ. ವೈದ್ಯರ ವೃತ್ತಿನಡತೆಯ ದೂರುಗಳನ್ನು ಆಲಿಸುವ ಪರಿಷತ್ತು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿದೆ. ಕೂಲಿ ಬಿಟ್ಟು ವಿಚಾರಣೆಗೆ ಹೋಗಬೇಕಾದ ಭತ್ತದ ಸೀಮೆಯ ಕೃಷಿ ಕಾರ್ಮಿಕರಿಗೆ ಈ ಅಂತರ ಸಣ್ಣದಲ್ಲ. ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2015ರಲ್ಲಿ ಆರಂಭವಾಯಿತು.

ದೂರು ಸಲ್ಲಿಸುವ ಕ್ರಮ

* ನೋಂದಾಯಿತ ಅಲೋಪತಿ ವೈದ್ಯರ ನಿರ್ಲಕ್ಷ್ಯ ಅಥವಾ ದುರ್ನಡತೆ: ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಇತರ ವೃತ್ತಿಗಳವರ ಬಗ್ಗೆ ಆಯಾ ಪರಿಷತ್ತು ಅಥವಾ ಮಂಡಳಿಗೆ.
* ಪರವಾನಗಿಯಿಲ್ಲದ ಚಿಕಿತ್ಸಾಲಯ, ಶುಲ್ಕ ಪ್ರಕಟಿಸದಿರುವುದು, ತುರ್ತು ಚಿಕಿತ್ಸೆ ನಿರಾಕರಣೆ: ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ.
* ನಕಲಿ ವೈದ್ಯರು: ತಾಲ್ಲೂಕು ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಇಲ್ಲವೇ ಪೊಲೀಸರಿಗೆ.
* ಹಣದ ಪರಿಹಾರ: ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು ವಿ.ಪಿ. ಶಾಂತಾ ಪ್ರಕರಣದಲ್ಲಿ (1995) ತೀರ್ಪು ನೀಡಿದೆ. ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಗಳಿಗೆ ಇದು ಅನ್ವಯಿಸುವುದಿಲ್ಲ.

ಒಂದೇ ಘಟನೆಯ ಬಗ್ಗೆ ಪರಿಷತ್ತಿಗೂ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸಬಹುದು; ಒಂದು ವೃತ್ತಿನಡತೆಯನ್ನು, ಇನ್ನೊಂದು ನಷ್ಟವನ್ನು ವಿಚಾರಿಸುತ್ತದೆ. ಯಾವುದೇ ದೂರಿಗೆ ಔಷಧ ಚೀಟಿ, ರಸೀದಿ ಮತ್ತು ಪರೀಕ್ಷಾ ವರದಿಗಳು ಮುಖ್ಯ ಆಧಾರಗಳಾಗಿವೆ.