ಯೇಸುವಿನ ಶಿಷ್ಯರು: ಒಂದು ಶಬ್ದದ ಇತಿಹಾಸ

ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಶಬ್ದಸೂಚಿಯ ನೆರವಿನಿಂದ ಓದುವವರಿಗೆ ಒಂದು ಸಂಗತಿಯು ಬೇಗನೆ ಕಣ್ಣಿಗೆ ಬೀಳುತ್ತದೆ. ‘ಶಿಷ್ಯ’ ಎಂಬರ್ಥದ ‘ಮಥೇತೇಸ್’ ಎಂಬ ಶಬ್ದವು ನಾಲ್ಕು ಸುವಾರ್ತೆಗಳಲ್ಲಿಯೂ ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದಲ್ಲಿಯೂ ಒಟ್ಟು ಸುಮಾರು 260 ಸಲ ಬರುತ್ತದೆ. ಪೌಲನ ಪತ್ರಗಳಲ್ಲಾಗಲಿ, ಪೇತ್ರ ಯಾಕೋಬ ಯೋಹಾನರ ಹೆಸರಿನಲ್ಲಿರುವ ಪತ್ರಗಳಲ್ಲಾಗಲಿ ಅದು ಒಂದು ಸಲವೂ ಬರುವುದಿಲ್ಲ. ಕಾಲದ ದೃಷ್ಟಿಯಿಂದ ಪೌಲನ ಪತ್ರಗಳೇ ಮೊದಲಿನವು, ಅವು ಕ್ರಿ. ಶ. 50ರ ದಶಕಕ್ಕೆ ಸೇರಿದವು. ಸುವಾರ್ತೆಗಳು ಸುಮಾರು 70ರಿಂದ 100ರ ನಡುವೆ ಈಗಿನ ರೂಪವನ್ನು ತಾಳಿದವೆಂಬುದು ಬಹುಮಂದಿ ವಿದ್ವಾಂಸರ ಮತ. ಹೀಗಿರಲು, ಕ್ರೈಸ್ತ ಜೀವನದ ತಿರುಳೆಂದು ಇಂದು ಉಪದೇಶಕರು ಎಲ್ಲೆಡೆಯೂ ಸಾರುವ ‘ಶಿಷ್ಯತ್ವ’ವನ್ನು ಕ್ರೈಸ್ತ ಸಭೆಗಳ ಅತ್ಯಂತ ಪ್ರಾಚೀನ ಲೇಖಕನು ಹೆಸರಿಸಿಯೇ ಇಲ್ಲವೆಂದಾಯಿತು. ಇದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಕನ್ನಡ ಬೈಬಲಿನಲ್ಲಿ ಈ ಶಬ್ದಕ್ಕೆ ‘ಶಿಷ್ಯ’ನೆಂದೇ ಇದೆ. 1831ರಲ್ಲಿ ಪೂರ್ಣಗೊಂಡ ಬಳ್ಳಾರಿಯ ಭಾಷಾಂತರದಿಂದ ಮೊದಲಾಗಿ ನಮ್ಮ ನುಡಿಯಲ್ಲಿ ಬೈಬಲ್ ಓದಿದವರ ಮನಸ್ಸಿನಲ್ಲಿ ಗುರುಕುಲದ ಚಿತ್ರವು ಮೂಡುವುದು ಸಹಜವೇ ಆಗಿದೆ. ಆದರೆ ‘ಶಿಷ್ಯ’ ಶಬ್ದವು ‘ಶಾಸ್’ ಧಾತುವಿನಿಂದ ಬಂದುದು. ಶಾಸನಕ್ಕೆ, ಎಂದರೆ ಶಿಕ್ಷಣಕ್ಕೆ, ಒಳಗಾಗತಕ್ಕವನು ಎಂದು ಅದರ ಅರ್ಥ. ಗ್ರೀಕಿನ ‘ಮಥೇತೇಸ್’, ಹೀಬ್ರೂವಿನ ‘ತಲ್ಮೀದ್’ ಎರಡೂ ‘ಕಲಿ’ ಎಂಬರ್ಥದ ಧಾತುಗಳಿಂದ ಹುಟ್ಟಿದವು. ಮೂರರಲ್ಲಿಯೂ ಪಾಠವೇ ಪ್ರಧಾನ. ಸುವಾರ್ತೆಗಳಲ್ಲಿಯಾದರೋ ಈ ನಾಮಪದದ ಬೆನ್ನಿಗೆ ಯಾವಾಗಲೂ ಒಂದು ಕ್ರಿಯಾಪದವು ನಿಂತಿರುತ್ತದೆ. ಅದು ‘ಹಿಂದೆ ನಡೆ’ ಎಂಬುದು. ನಮ್ಮ ಹಳೆಯ ಶಬ್ದಗಳಲ್ಲಿ ‘ಅಂತೇವಾಸಿ’ ಎಂಬುದು ಇದಕ್ಕೆ ಹೆಚ್ಚು ಸಮೀಪವಾದೀತು. ಆದರೆ ಅಂತೇವಾಸಿಗೆ ವಾಸಿಸಲು ಗುರುವಿನ ಮನೆಯೊಂದಿರುತ್ತದೆ. ಈ ಗುರುವಿಗೆ ಅದೂ ಇರಲಿಲ್ಲ.

ಯೇಸುವಿನ ಸೇವೆಯ ಕಾಲ ಅತ್ಯಲ್ಪವಾದುದು. ತಿಬೇರಿಯ ಚಕ್ರವರ್ತಿಯ ಆಳಿಕೆಯ 15ನೆಯ ವರ್ಷದಲ್ಲಿ ಸ್ನಾನಿಕನಾದ ಯೋಹಾನನು ಬೋಧಿಸತೊಡಗಿದನೆಂದು ಲೂಕನು ತಿಳಿಸುತ್ತಾನೆ, ಅದು ಕ್ರಿ. ಶ. 28 ಅಥವಾ 29. ಯೇಸುವಿನ ಮರಣವು ಪೊಂತ್ಯ ಪಿಲಾತನ ಅಧಿಕಾರಾವಧಿಯಲ್ಲಿ, ಎಂದರೆ 26ರಿಂದ 36ರ ಒಳಗೆ, ಬಹುಶಃ 30ರಲ್ಲಿ ಇಲ್ಲವೆ 33ರಲ್ಲಿ ಸಂಭವಿಸಿತು. ಮೊದಲ ಮೂರು ಸುವಾರ್ತೆಗಳನ್ನು ಹಿಡಿದರೆ ಆ ಸೇವೆ ಒಂದು ವರ್ಷದಲ್ಲಿ ಮುಗಿದಂತೆ ಕಾಣುತ್ತದೆ. ಯೋಹಾನನ ಸುವಾರ್ತೆಯು ಮೂರು ಪಸ್ಕ ಹಬ್ಬಗಳನ್ನು ಹೇಳುವುದರಿಂದ ಎರಡು ವರ್ಷಕ್ಕೂ ಮೀರುತ್ತದೆ. ಅದರ ಬಹುಭಾಗವು ಕಳೆದುದು ಗಲಿಲಾಯ ಸರೋವರದ ವಾಯವ್ಯ ದಂಡೆಯ ಕೆಲವು ಹಳ್ಳಿಗಳಲ್ಲಿ. ಪ್ರಾಂತವು ಹೆರೋದ ಅಂತಿಪನದು. ಆತನು ಸುಮಾರು ಕ್ರಿ. ಶ. 20ರಲ್ಲಿ ಅದೇ ಸರೋವರದ ತೀರದಲ್ಲಿ ಚಕ್ರವರ್ತಿಯ ಹೆಸರಿನಿಂದ ತಿಬೇರಿಯ ನಗರವನ್ನು ಕಟ್ಟಿಸಿದ್ದನು. ಯೇಸು ಆ ನಗರದೊಳಗೆ ಕಾಲಿಟ್ಟನೆಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಯೋಹಾನನ ಸುತ್ತ ಜನ ನೆರೆಯುವುದನ್ನು ಕಂಡು ದಂಗೆಯ ಭಯದಿಂದಲೇ ಅಂತಿಪನು ಅವನನ್ನು ಕೊಲ್ಲಿಸಿದನೆಂದು ಇತಿಹಾಸಕಾರ ಜೋಸೀಫಸನು ಬರೆದಿರುವುದನ್ನು ನೆನೆದರೆ ಕಾರಣವು ಊಹೆಗೆ ನಿಲುಕದ್ದೇನೂ ಅಲ್ಲ.

1986ರ ಆರಂಭದಲ್ಲಿ, ಬರಗಾಲದಿಂದ ಸರೋವರದ ನೀರು ಇಳಿದಿದ್ದಾಗ, ಗಿನೋಸರ್ ಎಂಬಲ್ಲಿ ಕೆಸರಿನೊಳಗಿಂದ ಒಂದು ದೋಣಿ ದೊರೆಯಿತು. ಅದರ ಉದ್ದ 8 ಮೀಟರಿಗೆ ತುಸು ಹೆಚ್ಚು, ಅಗಲ 2.3 ಮೀಟರು. ಅದು ಯೇಸುವಿನ ಕಾಲದ ಆಸುಪಾಸಿನದೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಅದನ್ನು ಆತನ ದೋಣಿಯೆಂದು ಯಾತ್ರಿಕರು ಕರೆಯುವುದು ಬರಿಯ ಭಕ್ತಿಯ ಮಾತು. ನಮಗೆ ಬೇಕಾದುದು ಅದರ ಮೈಮೇಲಿನ ತೇಪೆಗಳು. ಅನೇಕ ಬಗೆಯ ಮರಗಳ ತುಂಡುಗಳಿಂದ, ಹಳೆಯ ಹಲಗೆಗಳಿಂದ ಅದನ್ನು ಮತ್ತೆ ಮತ್ತೆ ದುರಸ್ತಿ ಮಾಡಿ, ಇನ್ನು ಸಾಗದೆಂದಾದ ಮೇಲೆ ಬಳಸಬಹುದಾದ ಭಾಗಗಳನ್ನು ಕಳಚಿಕೊಂಡು ಬಿಟ್ಟಿದ್ದಾರೆ. ಇಂತಹ ದೋಣಿಗಳನ್ನು ಬಿಟ್ಟು ಬಂದವರು ಪೇತ್ರ, ಅಂದ್ರೆಯ, ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನ. ಅವರು ನಿರ್ಗತಿಕರಲ್ಲ. ಜೆಬೆದಾಯನ ದೋಣಿಯಲ್ಲಿ ಕೂಲಿಯಾಳುಗಳಿದ್ದರೆಂದು ಮಾರ್ಕನು ಹೇಳುತ್ತಾನೆ. ಬಿಡುವುದಕ್ಕೆ ಏನಾದರೂ ಇದ್ದವರು ಬಿಟ್ಟರು. ಹಿಂದೆ ದೋಣಿಯಲ್ಲಿ ಮುದಿ ತಂದೆಯೂ ಉಳಿದನು. ಕಪೆರ್ನೌಮಿನ ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಲೇವಿಯೂ ಹಾಗೆಯೇ ಎದ್ದು ಬಂದನು. ಬೆಸ್ತರೂ ಅವರಿಂದ ಸುಂಕ ಕೀಳುವ ವರ್ಗದವನೂ ಒಂದೇ ಗುಂಪಿನಲ್ಲಿ ನಡೆದರೆಂಬುದು ಆ ಊರವರಿಗೆ ಕಡಮೆ ಆಶ್ಚರ್ಯದ ವಿಷಯವಾಗಿರಲಾರದು.

ಆ ಕಾಲದಲ್ಲಿ ಶಿಷ್ಯನಾಗುವ ವಾಡಿಕೆಯ ಕ್ರಮವೇನೆಂಬುದಕ್ಕೆ ಜೋಸೀಫಸನ ಆತ್ಮಕಥೆಯೇ ಒಳ್ಳೆಯ ಸಾಕ್ಷಿ. 16ನೆಯ ವಯಸ್ಸಿನ ಸುಮಾರಿಗೆ ಆತನು ಫರಿಸಾಯ, ಸದ್ದುಕಾಯ, ಎಸ್ಸೇನ ಪಂಥಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದನು. ತೃಪ್ತಿಯಾಗದೆ, ಅಡವಿಯಲ್ಲಿ ಮರದ ಉಡುಗೆಯನ್ನುಟ್ಟು ತಣ್ಣೀರಿನ ಸ್ನಾನಗಳಿಂದ ಶುದ್ಧಿಯನ್ನರಸುತ್ತಿದ್ದ ಬನ್ನೂಸ್ ಎಂಬ ತಪಸ್ವಿಯನ್ನು ಆಶ್ರಯಿಸಿ ಮೂರು ವರ್ಷ ಅವನೊಡನೆ ಇದ್ದನು. ಬಳಿಕ 19ನೆಯ ವಯಸ್ಸಿನಲ್ಲಿ ಯೆರೂಸಲೇಮಿಗೆ ಮರಳಿ ಫರಿಸಾಯರ ಮಾರ್ಗವನ್ನು ಹಿಡಿದನು. ಇಲ್ಲಿ ಆರಿಸಿದವನು ಶಿಷ್ಯ, ಶಿಷ್ಯತ್ವವು ಬಾಳಿನ ಒಂದು ಘಟ್ಟ, ಅದು ಮುಗಿಯುತ್ತದೆ. ಗಲಿಲಾಯದಲ್ಲಿ ಆರಿಸಿದವನು ಗುರು. ಅವನ ಶಿಷ್ಯರು ಕಲಿತು ಮುಗಿಸಿ ತಾವೇ ಗುರುಗಳಾಗುವ ಮಾತೂ ಇಲ್ಲ. ಗುರುವೆಂದು ಕರೆಯಿಸಿಕೊಳ್ಳಬಾರದೆಂಬ ಕಟ್ಟಳೆಯನ್ನೇ ಮತ್ತಾಯನು ದಾಖಲಿಸಿದ್ದಾನೆ. ಇದಕ್ಕೆ ಹೋಲಿಕೆಯನ್ನು ರಬ್ಬಿಗಳ ಪಾಠಶಾಲೆಯಲ್ಲಲ್ಲ, ಎಲೀಯನು ನೇಗಿಲು ಹೂಡಿದ್ದ ಎಲೀಷನ ಮೇಲೆ ತನ್ನ ಕಂಬಳಿಯನ್ನು ಹಾಕಿದ ಹಳೆಯ ಕಥೆಯಲ್ಲಿ ಹುಡುಕಬೇಕೆಂದು ಜರ್ಮನ್ ವಿದ್ವಾಂಸ ಮಾರ್ಟಿನ್ ಹೆಂಗೆಲನು 1968ರಲ್ಲಿ ವಾದಿಸಿದನು. ಆ ಮತವು ನಮಗೆ ಒಪ್ಪಿಗೆಯಾಗಿದೆ. ಆದರೆ ಎಲೀಷನು ತಂದೆತಾಯಿಗಳಿಗೆ ಮುತ್ತಿಟ್ಟು ಬರುವೆನೆಂದು ಬೇಡಿದಾಗ ಎಲೀಯನು ತಡೆಯಲಿಲ್ಲ. ಮನೆಯವರಿಗೆ ಹೇಳಿ ಬರುತ್ತೇನೆಂದವನಿಗೆ ಯೇಸುವಿನಿಂದ ದೊರೆತ ಉತ್ತರ ಬೇರೆ. ನೇಗಿಲಿಗೆ ಕೈಯಿಟ್ಟವನು ಹಿಂದಿರುಗಿ ನೋಡಬಾರದೆಂಬುದು ಅದರ ಭಾವ.

ಹೀಗೆಂದ ಮಾತ್ರಕ್ಕೆ ಎಲ್ಲರನ್ನೂ ಆತನು ಮನೆ ಬಿಡಿಸಿದನೆಂದು ತಿಳಿಯಲಾಗದು. ದೆವ್ವದ ಬಾಧೆಯಿಂದ ಬಿಡುಗಡೆಯಾದ ಗೆರಸೇನರ ಸೀಮೆಯವನು ಜತೆಗೆ ಬರುವೆನೆಂದು ಬೇಡಿಕೊಂಡರೂ ಅವನನ್ನು ಮನೆಗೇ ಕಳುಹಿಸಿದನು. ಬೇಥಾನ್ಯದ ಮಾರ್ಥಳೂ ಮರಿಯಳೂ ತಮ್ಮ ಮನೆಯಲ್ಲಿಯೇ ಉಳಿದರು. ಅಲೆಯುವವರಿಗೆ ಅನ್ನವಿಕ್ಕುವ ಮನೆಗಳು ನೆಲೆನಿಂತಿದ್ದರಷ್ಟೆ ಅಲೆತವು ಸಾಧ್ಯ.

ಅನ್ನದ ಮಾತು ಬಂದಾಗ ಸ್ತ್ರೀಯರ ವಿಷಯವನ್ನು ಹೇಳಲೇಬೇಕು. ಮಗ್ದಲದ ಮರಿಯಳು, ಹೆರೋದನ ಮನೆವಾರ್ತೆಯವನಾದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು ಮತ್ತು ಇನ್ನೂ ಅನೇಕರು ಆ ತಂಡದೊಡನೆ ಊರೂರು ಸಂಚರಿಸಿ ತಮ್ಮ ಸ್ವತ್ತಿನಿಂದಲೇ ಅದನ್ನು ಪೋಷಿಸಿದರೆಂದು ಲೂಕನು ತಿಳಿಸುತ್ತಾನೆ. ಅಂತಿಪನ ಅರಮನೆಯ ಹಣವು ಅಂತಿಪನು ಶಂಕಿಸಬಹುದಾದ ತಂಡಕ್ಕೆ ಸಂದಿತೆಂಬ ವಿನೋದವು ಲೂಕನಿಗೆ ಹೊಳೆದಿತ್ತೋ ಇಲ್ಲವೋ! ಅದಕ್ಕಿಂತ ಮುಖ್ಯವಾದುದು ಮಾರ್ಕನ ಮಾತು. ಯೇಸುವನ್ನು ಹಿಡಿದಾಗ ಹನ್ನೆರಡು ಮಂದಿಯಲ್ಲಿ ಉಳಿದವರೆಲ್ಲ ಓಡಿಹೋದರು. ಹಿಂದೆಯೇ ಬಂದ ಪೇತ್ರನು ಅಂಗಳದ ಬೆಂಕಿಯ ಬಳಿಯಲ್ಲಿ ಆ ಮನುಷ್ಯನನ್ನು ಅರಿಯೆನೆಂದನು. ಶಿಲುಬೆಯನ್ನು ದೂರದಿಂದ ನೋಡುತ್ತ ನಿಂತವರು ಸ್ತ್ರೀಯರು. ಅವರು ಗಲಿಲಾಯದಿಂದಲೂ ಆತನನ್ನು ‘ಹಿಂಬಾಲಿಸುತ್ತಿದ್ದವರು’ ಎಂದು ಮಾರ್ಕನು ಬೆಸ್ತರಿಗೆ ಬಳಸಿದ ಕ್ರಿಯಾಪದವನ್ನೇ ಬಳಸುತ್ತಾನೆ. ಆದರೆ ‘ಶಿಷ್ಯ’ ಎಂಬ ನಾಮಪದವನ್ನು ಅವರಿಗೆ ಕೊಡುವುದಿಲ್ಲ. ಶಬ್ದದ ಸ್ತ್ರೀಲಿಂಗ ರೂಪವು ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಸಲ. ಅದೂ ಮುಂದೆ ಯೊಪ್ಪದಲ್ಲಿ ವಿಧವೆಯರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ತಬಿಥಾ ಎಂಬವಳಿಗೆ. ಹೆಸರಿದ್ದವರು ನಡೆಯದೆಹೋದರು, ನಡೆದವರಿಗೆ ಹೆಸರು ದೊರೆಯಲಿಲ್ಲ. ಶಿಷ್ಯತ್ವದ ಲಕ್ಷಣವನ್ನು ನಾಮಪದದಿಂದ ನಿರ್ಣಯಿಸಬೇಕೋ ಕ್ರಿಯಾಪದದಿಂದಲೋ ಎಂಬ ಪ್ರಶ್ನೆಯನ್ನು ಸುವಾರ್ತೆಯೇ ಓದುಗನ ಮುಂದಿಟ್ಟಂತಾಗಿದೆ.

ಶಿಲುಬೆಯನ್ನು ಹೊತ್ತು ತನ್ನ ಹಿಂದೆ ಬರಬೇಕೆಂದು ಯೇಸು ಹೇಳಿದ ಮಾತನ್ನು ನಾವು ಇಂದು ಅಲಂಕಾರವಾಗಿ ಓದುತ್ತೇವೆ. ಕೇಳಿದವರಿಗೆ ಅದು ಅಲಂಕಾರವಾಗಿರಲಿಲ್ಲ. ಕ್ರಿ. ಪೂ. 4ರಲ್ಲಿ ದಂಗೆಯನ್ನಡಗಿಸಲು ಬಂದ ರೋಮನ್ ಅಧಿಪತಿ ವಾರಸನು ಸುಮಾರು 2000 ಮಂದಿಯನ್ನು ಶಿಲುಬೆಗೇರಿಸಿದನೆಂದು ಜೋಸೀಫಸನ ಲೆಕ್ಕ. ನಜರೇತಿಗೆ ಸುಮಾರು ಒಂದು ಗಾವುದಕ್ಕೂ ಕಡಮೆ ದೂರದ ಸೆಪ್ಫೋರಿಸ್ ಪಟ್ಟಣವು ಆ ದಂಡಯಾತ್ರೆಯಲ್ಲಿಯೇ ಸುಡಲ್ಪಟ್ಟಿತು. 1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಒಂದು ಸಮಾಧಿಯಲ್ಲಿ ಯೆಹೋಹಾನಾನ್ ಎಂಬವನ ಮೂಳೆಗಳು ದೊರೆತವು. ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆಯು ಇನ್ನೂ ನೆಟ್ಟೇ ಇತ್ತು. ತುದಿ ಬಾಗಿದ್ದುದರಿಂದ ಅದನ್ನು ಕೀಳಲಾಗಿರಲಿಲ್ಲ. ಮಾರ್ಕನಲ್ಲಿ ಆ ಮಾತು ಬರಿದಾಗಿ ಇದೆ: ಶಿಲುಬೆಯನ್ನು ಹೊರಬೇಕು, ಅಷ್ಟೆ. ಅದೇ ಮಾತನ್ನು ಎತ್ತಿಕೊಳ್ಳುವಾಗ ಲೂಕನು ‘ದಿನದಿನವೂ’ ಎಂಬೊಂದು ಪದವನ್ನು ಸೇರಿಸುತ್ತಾನೆ. ಕೊಲ್ಲಲ್ಪಡುವವನು ಒಮ್ಮೆ ಮಾತ್ರ ಶಿಲುಬೆ ಹೊರುತ್ತಾನೆ. ದಿನವೂ ಹೊರುವವನು ಬದುಕಿರುವವನು. ಊರು ಬಿಡದೆ, ಮನೆ ಬಿಡದೆ, ಕಸುಬು ಬಿಡದೆ ನಂಬಿದವರ ಸಭೆಗಳಿಗಾಗಿ ಲೂಕನು ಬರೆಯುತ್ತಿದ್ದನು. ಗಲಿಲಾಯದ ದಾರಿಯು ಮನಸ್ಸಿನ ದಾರಿಯಾದುದು ಈ ಒಂದು ಪದದಲ್ಲಿ ಕಾಣುತ್ತದೆ.

ಪೌಲನ ಮೌನಕ್ಕೂ ಇದೇ ಕಾರಣವೆಂದು ನಮ್ಮ ಅಭಿಪ್ರಾಯ. ಕೊರಿಂಥದ ಕುಶಲಕರ್ಮಿಯು ಯಾರ ಹಿಂದೆ ನಡೆಯಬೇಕು? ಯೇಸುವನ್ನು ಅವನು ಕಂಡವನಲ್ಲ. ಆದ್ದರಿಂದಲೇ ಪೌಲನು ‘ಸಹೋದರರೇ’ ಎಂದು ಸಂಬೋಧಿಸಿದನು, ‘ಪರಿಶುದ್ಧರು’ ಎಂದನು, ತನ್ನನ್ನು ‘ಅನುಕರಿಸಿರಿ’ ಎಂದನು, ಶಿಷ್ಯರೆನ್ನಲಿಲ್ಲ. ಲೂಕನು ‘ಕೃತ್ಯಗಳ’ಲ್ಲಿ ಆ ಶಬ್ದವನ್ನು ಹಿಗ್ಗಿಸಿ ನಂಬುವವರೆಲ್ಲರಿಗೂ ಅನ್ವಯಿಸಿದನು. ಶಿಷ್ಯರಿಗೆ ‘ಕ್ರೈಸ್ತ’ರೆಂಬ ಹೆಸರು ಮೊದಲು ಬಂದುದು ಸಿರಿಯದ ಅಂತಿಯೋಕ್ಯದಲ್ಲಿ ಎಂದೂ ಆತನೇ ತಿಳಿಸುತ್ತಾನೆ. ಆ ಹೆಸರು ಅವರು ತಾವೇ ಇಟ್ಟುಕೊಂಡುದಲ್ಲ. ಹೆರೋದನ ಪಕ್ಷದವರು ಎಂಬಂತೆ, ‘ಕ್ರಿಸ್ತ’ನೆಂಬವನ ಪಕ್ಷದವರು ಎಂದು ಹೊರಗಿನವರು ಲ್ಯಾಟಿನ್ ಪ್ರತ್ಯಯ ಹಚ್ಚಿ ಕರೆದುದು. ಹೀಬ್ರೂವಿನ ‘ಮೆಸ್ಸೀಯ’, ಗ್ರೀಕಿನ ‘ಕ್ರಿಸ್ತ’ ಎರಡಕ್ಕೂ ಅಭಿಷಿಕ್ತನೆಂದೇ ಅರ್ಥವೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ! ಹೊಸ ಒಡಂಬಡಿಕೆಯಲ್ಲಿ ಈ ಹೆಸರು ಮೂರೇ ಸಲ ಬರುತ್ತದೆ.

ಹಳೆಯ ಶಬ್ದವು ತನ್ನ ಹಳೆಯ ಅರ್ಥದೊಡನೆ ಮರಳಿದುದೂ ಅದೇ ಅಂತಿಯೋಕ್ಯದವನೊಬ್ಬನ ಬಾಯಿಂದಲೇ. ಅಲ್ಲಿಯ ಬಿಷಪ್ ಇಗ್ನೇಷಿಯಸನನ್ನು ಮೃಗಗಳ ಬಾಯಿಗೆ ಕೊಡಲೆಂದು ರೋಮಿಗೆ ಒಯ್ದರು. ಟ್ರಾಜನ್ ಚಕ್ರವರ್ತಿಯ (98–117) ಕಾಲದಲ್ಲಿ ಎಂಬುದು ಸಂಪ್ರದಾಯ. ಇನ್ನೂ ಈಚೆಗೆ ಎನ್ನುವ ವಿದ್ವಾಂಸರೂ ಇದ್ದಾರೆ. ಕಾವಲಿಗೆ ಹತ್ತು ಮಂದಿ ಸಿಪಾಯಿಗಳು. ಅವರನ್ನು ಆತನು ಚಿರತೆಗಳೆಂದು ಕರೆದಿದ್ದಾನೆ, ಉಪಕಾರ ಮಾಡಿದಷ್ಟೂ ಕೆಡುಕರಾದರಂತೆ. ದಾರಿಯಲ್ಲಿ ಸ್ಮುರ್ನದಿಂದಲೂ ತ್ರೋವದಿಂದಲೂ ಬರೆದ ಏಳು ಪತ್ರಗಳು ಉಳಿದಿವೆ. ರೋಮಿನವರಿಗೆ ಬರೆದ ಪತ್ರದಲ್ಲಿ, ತನ್ನನ್ನು ಬಿಡಿಸಲು ಯಾರೂ ಯತ್ನಿಸಬಾರದೆಂದು ಬೇಡಿಕೊಂಡು, ತಾನು ಈಗಷ್ಟೇ ಶಿಷ್ಯನಾಗಲು ತೊಡಗಿದ್ದೇನೆ ಎಂಬರ್ಥದ ಮಾತನ್ನು ಆಡುತ್ತಾನೆ. ಸಭೆಯೊಂದರ ಬಿಷಪ್ಪನಾಗಿದ್ದವನು ಇದನ್ನು ಬರೆದನೆಂಬುದನ್ನು ಗಮನಿಸಬೇಕು. ಸಾವನ್ನು ಇಷ್ಟು ಹಂಬಲಿಸುವುದು ನಮಗೆ ಸರಿಬೀಳದೆ ಇರಬಹುದು, ಲೇಖಕನಿಗೂ ಸರಿಬಿದ್ದಿಲ್ಲ. ಆದರೆ ಗುರು ನಡೆದ ದಾರಿಯಲ್ಲಿ ಕಾಲಿಟ್ಟು ನಡೆದವನಿಗೇ ಆ ಹೆಸರು ಸಲ್ಲತಕ್ಕದ್ದೆಂಬ ಗಲಿಲಾಯದ ನೆನಪು ಒಂದು ಶತಮಾನದ ಬಳಿಕವೂ ಅಳಿದಿರಲಿಲ್ಲ.

ಇಗ್ನೇಷಿಯಸನು ಫಿಲಿಪ್ಪಿ ಪಟ್ಟಣವನ್ನು ಹಾದುಹೋದ ಮೇಲೆ ಅಲ್ಲಿಯ ಸಭೆಯವರು ಅವನ ಪತ್ರಗಳನ್ನು ಕಳುಹಿಸಿಕೊಡಬೇಕೆಂದು ಸ್ಮುರ್ನದ ಪಾಲಿಕಾರ್ಪನನ್ನು ಕೇಳಿದರು. ಪಾಲಿಕಾರ್ಪನು ತನ್ನಲ್ಲಿದ್ದವನ್ನೆಲ್ಲ ಒಟ್ಟುಮಾಡಿ ಕಳುಹಿಸಿದನು. ಜತೆಗಿಟ್ಟ ತನ್ನ ಪತ್ರದ ಕೊನೆಯಲ್ಲಿ, ಇಗ್ನೇಷಿಯಸನ ವಿಷಯವಾಗಿಯೂ ಅವನ ಸಂಗಡ ಇದ್ದವರ ವಿಷಯವಾಗಿಯೂ ನಿಶ್ಚಿತವಾದ ಸುದ್ದಿಯೇನಾದರೂ ತಿಳಿದುಬಂದಿದ್ದರೆ ತನಗೂ ತಿಳಿಸಬೇಕೆಂದು ಬರೆದನು.